ಅಕ್ಷರಗಳಿಗೆ ಅಂಕಿ ಬಂದ ಕಥೆ

ಗಣಕಯಂತ್ರವನ್ನು ಕಲಿಯಹೊರಟ ಬಹುಮಂದಿ ಒಂದಲ್ಲ ಒಂದು ದಿನ ಬರೆದು ನೋಡುವ ಪುಟ್ಟ ಪ್ರೋಗ್ರಾಮೊಂದಿದೆ. ಬೇಸಿಕ್ ಭಾಷೆಯಲ್ಲಿ ಅದು ಮೂರೇ ಸಾಲು. 32ರಿಂದ 255ರವರೆಗೆ ಒಂದೊಂದೇ ಅಂಕಿಯನ್ನು ತೆಗೆದುಕೊಂಡು, ಅದಕ್ಕೆ ಸಲ್ಲುವ ಅಕ್ಷರವನ್ನು ತೆರೆಯ ಮೇಲೆ ಮೂಡಿಸುವುದಷ್ಟೇ ಅದರ ಕೆಲಸ. ಫ್ಲಾಪಿಯಿಂದ ಫ್ಲಾಪಿಗೆ, ಗೆಳೆಯನಿಂದ ಗೆಳೆಯನಿಗೆ ಪುಕ್ಕಟೆಯಾಗಿ ಹರಿದಾಡಿದ ಸರಕು ಇದು. ನಾವು ಬಿ.ಎಸ್‌ಸಿ. ಮುಗಿಸಿ ಗಣಕ ತರಗತಿಗೆ ಸೇರಿದಾಗ ಇದನ್ನು ಮೊದಲು ಕಂಡೆವು. ತೆರೆಯ ತುಂಬ ಇಂಗ್ಲಿಷ್ ಅಕ್ಷರಗಳು, ಕೆಲವು ಗ್ರೀಕ್ ಅಕ್ಷರಗಳು, ಚೌಕಟ್ಟು ಕಟ್ಟುವ ಗೆರೆಗಳು. ಕನ್ನಡದ 'ಅ' ಎಲ್ಲಿದೆ ಎಂದು ಹುಡುಕಿದೆವು. ಇರಲಿಲ್ಲ. ಅಂದು ಎದ್ದ ಪ್ರಶ್ನೆಯೇ ಈ ಲೇಖನಕ್ಕೆ ಮೂಲ.

ಯಂತ್ರಕ್ಕೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿಯುತ್ತದೆ. ಆದುದರಿಂದ ಯಾವ ಅಕ್ಷರಕ್ಕೆ ಯಾವ ಅಂಕಿ ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಈ ಗೊತ್ತುವಳಿ ಗಣಕಕ್ಕಿಂತ ಹಳೆಯದು. ಫ್ರಾನ್ಸಿನ ತಂತಿ ಇಲಾಖೆಯ ಎಮಿಲ್ ಬೋದೊ ಎಂಬವರು 1874ರಲ್ಲಿ ಪೇಟೆಂಟ್ ಪಡೆದ ಪದ್ಧತಿಯಲ್ಲಿ ಪ್ರತಿ ಅಕ್ಷರಕ್ಕೂ ಐದೈದು ಸಂಜ್ಞೆಗಳು. ಐದರಿಂದ ಆಗುವ ಜೋಡಣೆಗಳು 32 ಮಾತ್ರ. ಅಕ್ಷರ, ಅಂಕಿ, ವಿರಾಮಚಿಹ್ನೆಗಳಿಗೆಲ್ಲ ಇಷ್ಟು ಸಾಲದೆ, ಒಂದೇ ಸಂಜ್ಞೆಯನ್ನು ಎರಡು ಅರ್ಥದಲ್ಲಿ ಬಳಸಬೇಕಾಯಿತು.

ಗಣಕಗಳು ಬಂದಮೇಲೆ ಒಬ್ಬೊಬ್ಬ ತಯಾರಕನದು ಒಂದೊಂದು ಪಟ್ಟಿಯಾಯಿತು. ಒಬ್ಬರ ಯಂತ್ರದ ಮಾತು ಇನ್ನೊಬ್ಬರ ಯಂತ್ರಕ್ಕೆ ತಿಳಿಯದಾಯಿತು. ಈ ಗೊಂದಲವನ್ನು ಕಳೆಯಲೆಂದು ಅಮೆರಿಕದಲ್ಲಿ 1963ರಲ್ಲಿ ಪ್ರಕಟವಾದುದೇ ಆಸ್ಕಿ. ಇದರಲ್ಲಿ ಏಳು ಬಿಟ್‌ಗಳು, 128 ಸ್ಥಾನಗಳು. ಮೊದಲ ಆವೃತ್ತಿಯಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳೇ ಇರಲಿಲ್ಲ. 1967ರ ಆವೃತ್ತಿಯಲ್ಲಿ ಅವು ಪಟ್ಟಿಗೆ ಸೇರಿದವು. ಸರ್ಕಾರ ಕೊಳ್ಳುವ ಗಣಕಗಳು ಇದನ್ನು ಬಲ್ಲವಾಗಿರಬೇಕೆಂದು 1968ರಲ್ಲಿ ಅಧ್ಯಕ್ಷ ಜಾನ್ಸನ್ ಆದೇಶ ಹೊರಡಿಸಿದರು. ದೊಡ್ಡ 'ಎ' 65, ಸಣ್ಣ 'ಎ' 97. ನಡುವಿನ ಅಂತರ 32. ಎಲ್ಲ ಅಕ್ಷರಗಳಿಗೂ ಇದೇ ಅಂತರವಿರುವುದರಿಂದ ಒಂದೇ ಬಿಟ್ ಬದಲಿಸಿದರೆ ದೊಡ್ಡದು ಸಣ್ಣದಾಗುತ್ತದೆ. ಕೊನೆಯ ಸ್ಥಾನವಾದ 127 'ಅಳಿಸು' ಎಂಬುದಕ್ಕೆ ಮೀಸಲು. ಕಾರಣ ಬಲು ಸರಳ. ಕಾಗದದ ಪಟ್ಟಿಯಲ್ಲಿ ಒಮ್ಮೆ ಹೊಡೆದ ತೂತನ್ನು ಮುಚ್ಚಲಾಗದು. ಏಳೂ ತೂತು ಹೊಡೆದುಬಿಟ್ಟರೆ ತಪ್ಪಿದ ಅಕ್ಷರ ಅಳಿಸಿದಂತೆ ಲೆಕ್ಕ.

ಬೆಲ್ ಪ್ರಯೋಗಾಲಯದವರ ಯೂನಿಕ್ಸ್ ವ್ಯವಸ್ಥೆಯ 1979ರ ಏಳನೆಯ ಆವೃತ್ತಿಯಲ್ಲಿ ಈ ಪಟ್ಟಿಗೆಂದೇ ಒಂದು ಕಡತ, ಕೈಪಿಡಿಯಲ್ಲಿ ಒಂದು ಪುಟ ಇದ್ದವು. ನಾವು ಕಂಡ ಪುಟ್ಟ ಪ್ರೋಗ್ರಾಮಿಗೆ ಅದನ್ನು ಹಿರಿಯಣ್ಣನೆನ್ನಬಹುದು. 1981ರಲ್ಲಿ ಬಂದ ಐಬಿಎಂ ಪೀಸಿ 128ಕ್ಕೆ ಇನ್ನೂ 128 ಸ್ಥಾನ ಸೇರಿಸಿತು. ಯುರೋಪಿನ ಅಕ್ಷರಗಳಿಗೆ ಅಲ್ಲಿ ಎಡೆ ದೊರೆಯಿತು. ನಗುಮುಖಕ್ಕೂ ಇಸ್ಪೀಟಿನ ನಾಲ್ಕು ಗುರುತುಗಳಿಗೂ ಜಾಗವಿತ್ತು, ಕನ್ನಡಕ್ಕಿರಲಿಲ್ಲ.

ಜಾಗವಿಲ್ಲದಾಗ ನಮ್ಮವರು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರದ ಅಂಕಿಯನ್ನು ಹಾಗೆಯೇ ಇಟ್ಟುಕೊಂಡು, ಫಾಂಟಿನಲ್ಲಿ ಅದರ ಚಿತ್ರವನ್ನು ಮಾತ್ರ ಕನ್ನಡವಾಗಿಸಿದರು. ಕೆಲಸವೇನೋ ನಡೆಯಿತು, ಕನ್ನಡದ ಎಷ್ಟೋ ಪುಸ್ತಕ, ಪತ್ರಿಕೆಗಳು ಹೀಗೆಯೇ ಅಚ್ಚಾದವು. ಆದರೆ ಕೆಲವು ವರ್ಷಗಳ ಹಿಂದೆ ಸಂಘವೊಂದರ ಹಳೆಯ ಸ್ಮರಣಸಂಚಿಕೆಯ ಕಡತವನ್ನು ಹೊಸ ಯಂತ್ರದಲ್ಲಿ ತೆರೆದಾಗ ನಮಗೆ ದಿಗಿಲಾಯಿತು. ಕನ್ನಡದ ಒಂದಕ್ಷರವೂ ಇಲ್ಲದೆ ಪುಟವೆಲ್ಲ ಅರ್ಥವಿಲ್ಲದ ರೋಮನ್ ಲಿಪಿ. ಕಡತ ಕೆಟ್ಟಿದೆಯೆಂದು ಎಲ್ಲರೂ ಕೈಬಿಟ್ಟರು. ನಾವು ಹಳೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತೆವು. 'ಅ' ಇರಬೇಕಾದಲ್ಲೆಲ್ಲ 67, ಎಂದರೆ ದೊಡ್ಡ 'ಸಿ' ಇತ್ತು. 'ಆ' ಇರಬೇಕಾದಲ್ಲಿ 68. ಕೆಟ್ಟದ್ದು ಕಡತವಲ್ಲ, ಅದರ ಫಾಂಟು ಆ ಯಂತ್ರದಲ್ಲಿ ಇರಲಿಲ್ಲ, ಅಷ್ಟೆ. ಸೂಕ್ತ ಪರಿವರ್ತಕದಿಂದ ಲೇಖನಗಳೆಲ್ಲ ಮರಳಿ ಬಂದವು. ಅವುಗಳಲ್ಲಿ ಕೆಲವನ್ನು ಬರೆದವರು ಅಷ್ಟರಲ್ಲಿ ಕಾಲವಾಗಿದ್ದರು.

ಸರಿಯಾದ ದಾರಿಯನ್ನು ಹುಡುಕುವ ಕೆಲಸ ಬೇರೆ ಕಡೆ ನಡೆದಿತ್ತು. ಕಾನ್ಪುರದ ಐ.ಐ.ಟಿ.ಯಲ್ಲಿ ಆರಂಭವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಮುಂದುವರಿದ ದುಡಿಮೆ ಇದಕ್ಕೆ ಬಲ ಕೊಟ್ಟಿತು. 1991ರಲ್ಲಿ 'ಇಸ್ಕಿ' ಭಾರತೀಯ ಮಾನಕವಾಯಿತು. ಅದರಲ್ಲಿ ಕನ್ನಡದ 'ಕ', ಹಿಂದಿಯ 'ಕ', ತಮಿಳಿನ 'ಕ' ಎಲ್ಲಕ್ಕೂ ಒಂದೇ ಅಂಕಿ, 179. ಲಿಪಿ ಬೇರೆಯಾದರೂ ವರ್ಣಮಾಲೆ ಒಂದೇ ಎಂಬ ನಮ್ಮ ಹಿರಿಯರ ತಿಳಿವಳಿಕೆ ಯಂತ್ರಕ್ಕೂ ಇಳಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಕಟವಾದ ಯೂನಿಕೋಡ್ ಇಸ್ಕಿಯ 1988ರ ಕರಡಿನ ಕ್ರಮವನ್ನೇ ಅನುಸರಿಸಿ, ಪ್ರತಿ ಲಿಪಿಗೂ 128 ಮನೆಗಳ ಒಂದೊಂದು ಕೇರಿಯನ್ನು ಕೊಟ್ಟಿತು. ಕನ್ನಡದ್ದು 3200ರಿಂದ 3327. ದೇವನಾಗರಿಯ 'ಕ' 2325, ತೆಲುಗಿನದು 3093, ಕನ್ನಡದ್ದು 3221. ತೆಲುಗಿನ ಕೇರಿ ಮುಗಿದೊಡನೆ ನಮ್ಮದು; ನಮ್ಮದು ಮುಗಿದೊಡನೆ ಮಲಯಾಳ.

ಇಂದು ಈ ಕೋಷ್ಟಕವನ್ನು ತೋರಿಸುವ ಪ್ರೋಗ್ರಾಮುಗಳು ಧಾರಾಳವಾಗಿ, ಪುಕ್ಕಟೆಯಾಗಿ ಸಿಗುತ್ತವೆ. ಅಂಥದೊಂದರಲ್ಲಿ ಕನ್ನಡದ ಕೇರಿಯನ್ನು ಮನೆಮನೆಯಾಗಿ ನೋಡುತ್ತ ಬಂದಾಗ 3294ರಲ್ಲಿ ನಮ್ಮ ಹಳಗನ್ನಡದ ೞ ಕಂಡಿತು. ಸಂತೋಷವಾಯಿತು. ಆದರೆ ಕೆಳಗಿದ್ದ ಹೆಸರನ್ನೋದಿ ಬೆರಗಾದೆವು. 'ಫ' ಎಂದಿತ್ತು, ಫ್ಯಾನು, ಫೋನುಗಳಲ್ಲಿ ಕೇಳುವ 'ಫ'! ದೇವನಾಗರಿಯ ಕೇರಿಯಲ್ಲಿ ಇದಕ್ಕೆ ಸರಿಸಮನಾದ ಮನೆ ಚುಕ್ಕೆಯುಳ್ಳ 'ಫ'ದ್ದು. ೞ ಹೋಗಿ ಆ ಮನೆಯಲ್ಲಿ ಕುಳಿತಿದೆ. ಅದು ಇರಬೇಕಾದ್ದು 'ಳ'ದ ಮಗ್ಗುಲಿನ 3252ರಲ್ಲಿ. ತಮಿಳಿನಲ್ಲೂ ಮಲಯಾಳದಲ್ಲೂ ಅವರ ೞ ಅದೇ ನೇರದ ಮನೆಯಲ್ಲಿದೆ. ನಮ್ಮ ಕೇರಿಯಲ್ಲಿ ಆ ಮನೆ ಖಾಲಿ.

ತಪ್ಪನ್ನು ತಿದ್ದಬಾರದೆ ಎಂದು ಓದುಗರು ಕೇಳಬಹುದು. ಒಮ್ಮೆ ಕೊಟ್ಟ ಸ್ಥಾನವನ್ನಾಗಲಿ ಹೆಸರನ್ನಾಗಲಿ ಬದಲಿಸಬಾರದೆಂಬುದು ಯೂನಿಕೋಡಿನ ನಿಯಮ. ಬದಲಿಸಿದರೆ ಹಳೆಯ ಕಡತಗಳ ಗತಿ ಆ ಸ್ಮರಣಸಂಚಿಕೆಯಂತೆಯೇ ಆದೀತು. ಹಾಗಾಗಿ ತಪ್ಪು ಹೆಸರನ್ನು ಉಳಿಸಿಕೊಂಡೇ, ಪಕ್ಕದಲ್ಲಿ ಸರಿಯಾದ ಹೆಸರನ್ನು ತಿದ್ದುಪಡಿಯೆಂದು ನಮೂದಿಸಿದ್ದಾರೆ. ಕಚೇರಿಯ ಕಡತಗಳಲ್ಲಿ ದುಡಿಯುವ ನಮಗೆ ಈ ಕ್ರಮ ಹೊಸದಲ್ಲ. ಸೇವಾಪುಸ್ತಕದಲ್ಲಿ ತಪ್ಪನ್ನು ಕೆರೆದು ಅಳಿಸುವಂತಿಲ್ಲ. ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡಬೇಕು.

ಕೇಶಿರಾಜನು 13ನೆಯ ಶತಮಾನದಲ್ಲಿ ಬರೆದ 'ಶಬ್ದಮಣಿದರ್ಪಣ'ದಲ್ಲಿ ೞ ಕುರಿತ ವಿಚಾರವಿದೆ. ನಾವು ಕೋೞಿಯನ್ನು ಕೋಳಿ ಮಾಡಿಕೊಂಡೆವು, ಬಾೞೆಯನ್ನು ಬಾಳೆ ಮಾಡಿಕೊಂಡೆವು. ಚೆನ್ನೈಯಲ್ಲಿರುವ ನಮ್ಮ ಬಂಧುಗಳ ಕಿವಿಗೆ ಮಾತ್ರ ಆ ಧ್ವನಿ ಇಂದಿಗೂ ದಿನವೂ ಮಾರುಕಟ್ಟೆಯಲ್ಲಿ ಬೀಳುತ್ತದೆ. ಪಟ್ಟಿ ಮಾಡುವ ವೇಳೆ ಆ ಅಕ್ಷರವನ್ನು ಬಲ್ಲವರೊಬ್ಬರು ಕರಡನ್ನು ಓದಿ 'ಇದು ಫ ಅಲ್ಲ' ಎಂದು ಹೇಳಿದ್ದರೆ ಸಾಕಾಗಿತ್ತು. ಇನ್ನು ಮುಂದೆಯೂ ಕರಡುಗಳು ಬರುತ್ತಲೇ ಇರುತ್ತವೆ. ಮನೆಯ ಮಕ್ಕಳೊಡನೆ ಕುಳಿತು ಒಮ್ಮೆ ಆ ಕೋಷ್ಟಕವನ್ನು ತೆರೆಸಿ ನೋಡಿರಿ. ಖರ್ಚೇನೂ ಇಲ್ಲ. 3252ರ ಖಾಲಿ ಮನೆಯನ್ನು ಅವರಿಗೆ ತೋರಿಸಿರಿ.