ವಂಶವೃಕ್ಷದ ತರ್ಕ: ಪಾಠಾಂತರದಿಂದ ಅರ್ಬುದದವರೆಗೆ

ಒಂದೇ ಮೂಲದಿಂದ ಕವಲೊಡೆದ ಹಲವು ರೂಪಗಳನ್ನು ಹೋಲಿಸಿ, ಅವುಗಳ ವಂಶಕ್ರಮವನ್ನು ನಿರ್ಧರಿಸುವ ವಿಧಾನ ನಮ್ಮ ಅಧ್ಯಯನಶಿಸ್ತುಗಳಿಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಕಾರ್ಲ್ ಲಾಖ್‌ಮನ್ ಅವರ ಹೆಸರಿನೊಡನೆ ಬೆಳೆದ ಗ್ರಂಥಸಂಪಾದನಾ ಪದ್ಧತಿಯು ಹಲವು ಪ್ರತಿಗಳಲ್ಲಿ ಸಮಾನವಾಗಿ ಕಾಣುವ ಲಿಪಿಕಾರದೋಷಗಳನ್ನು ಆಧರಿಸಿ ಹಸ್ತಪ್ರತಿಗಳ ವಂಶವೃಕ್ಷವನ್ನು ರಚಿಸಿತು. ಫಿನ್ಲೆಂಡಿನ ಯೂಲಿಯಸ್ ಕ್ರೋನ್ ಜನಪದ ಹಾಡುಗಳಿಗೆ ಬಳಸಿದ ತೌಲನಿಕ ಕ್ರಮವನ್ನು ಅವರ ಮಗ ಕಾರ್ಲೆ ಕ್ರೋನ್ ಕಥೆಗಳಿಗೆ ವಿಸ್ತರಿಸಿದರು. ಇದೇ ಬಗೆಯ ತರ್ಕವು ಗಣಕಾಧಾರಿತ ಕ್ಯಾನ್ಸರ್ ಸಂಶೋಧನೆಯಲ್ಲಿ ಪಡೆದ ಸ್ಥಾನವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕ್ಯಾನ್ಸರನ್ನು ಲೆಕ್ಕದ ಮೂಲಕ ಅರಿಯುವ ಪ್ರಯತ್ನ ಗಣಕಯುಗಕ್ಕಿಂತ ಹಳೆಯದು. 1954ರಲ್ಲಿ ಪೀಟರ್ ಆರ್ಮಿಟೇಜ್ ಮತ್ತು ರಿಚರ್ಡ್ ಡಾಲ್ ಮರಣದ ಅಂಕಿಅಂಶಗಳನ್ನು ಪರಿಶೀಲಿಸಿ, ಹಲವು ಕ್ಯಾನ್ಸರ್‌ಗಳ ಮರಣಪ್ರಮಾಣವು ವಯಸ್ಸಿನ ಸುಮಾರು ಆರನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆಂದು ತೋರಿಸಿದರು. ರೋಗವು ಆರೇಳು ಹಂತಗಳಲ್ಲಿ ರೂಪುಗೊಳ್ಳುವುದೆಂಬುದು ಅವರ ಊಹೆ. 1971ರಲ್ಲಿ ಆಲ್‌ಫ್ರೆಡ್ ನಡ್ಸನ್ ಮಕ್ಕಳ ಕಣ್ಣಿನ ಕ್ಯಾನ್ಸರಿನ 48 ಪ್ರಕರಣಗಳಿಂದ 'ಎರಡು ಪೆಟ್ಟು'ಗಳ ಸಿದ್ಧಾಂತವನ್ನು ಮಂಡಿಸಿದರು. ಅರ್ಬುದವು ಒಂದೇ ಜೀವಕೋಶದಿಂದ ಹೊರಟು, ಪೀಳಿಗೆಯಿಂದ ಪೀಳಿಗೆಗೆ ಬದಲಾಗುತ್ತ ಸಾಗುವ ಸಂತತಿ ಎಂದು 1976ರಲ್ಲಿ ಪೀಟರ್ ನೋವೆಲ್ ಪ್ರತಿಪಾದಿಸಿದರು. ವಂಶವೃಕ್ಷದ ಕಲ್ಪನೆಗೆ ಇಲ್ಲಿ ನೆಲೆ ದೊರೆಯಿತು.

ಆ ವೃಕ್ಷವನ್ನು ವಿವರವಾಗಿ ಬಿಡಿಸಲು ವಂಶವಾಹಿಗಳ ಅಕ್ಷರಕ್ರಮವನ್ನು ಓದುವ ಯಂತ್ರಗಳೂ ಗಣಕವಿಧಾನಗಳೂ ಬೇಕಾದವು. 2012ರಲ್ಲಿ ಲಂಡನ್ನಿನ ಚಾರ್ಲ್ಸ್ ಸ್ವಾಂಟನ್ ಅವರ ತಂಡವು ಮೂತ್ರಪಿಂಡದ ಅರ್ಬುದಗಳ ಬೇರೆ ಬೇರೆ ಭಾಗಗಳಿಂದ ಮಾದರಿಗಳನ್ನು ತೆಗೆದು ಹೋಲಿಸಿತು. ಉತ್ಪರಿವರ್ತನೆಗಳಲ್ಲಿ ಶೇಕಡಾ 63ರಿಂದ 69ರಷ್ಟು ಎಲ್ಲ ಭಾಗಗಳಲ್ಲೂ ಕಾಣಿಸಲಿಲ್ಲ. ಎಲ್ಲೆಡೆ ಇರುವ ಬದಲಾವಣೆ ಕಾಂಡಕ್ಕೆ ಸೇರಿದ್ದು. ಕೆಲವೆಡೆ ಮಾತ್ರ ಇರುವುದು ಕೊಂಬೆಗೆ ಸೇರಿದ್ದು. ಕೊಂಬೆಯೊಂದನ್ನು ಗುರಿಯಾಗಿಸಿದ ಔಷಧಿಯಿಂದ ಉಳಿದ ಕೊಂಬೆಗಳು ಪಾರಾಗಬಹುದು. ಒಬ್ಬ ಕಲಾವಿದರ ಒಂದು ಪಾಠವನ್ನೇ ಇಡೀ ಕಾವ್ಯವೆಂದು ಭಾವಿಸಲಾಗದೆಂಬುದನ್ನು ಬಲ್ಲ ಜಾನಪದ ವಿದ್ವಾಂಸರಿಗೆ ಇದರ ಮಹತ್ವ ಸುಲಭವಾಗಿ ತಿಳಿಯುತ್ತದೆ. ಇಲ್ಲಿ ಮಾತ್ರ ಪಾಠಾಂತರದ ಅಲಕ್ಷ್ಯಕ್ಕೆ ತೆರಬೇಕಾದ ಬೆಲೆ ಪ್ರಾಣವೇ ಆಗಬಹುದು.

ಇದೇ ತಂಡದ ನೇತೃತ್ವದ 'ಟ್ರೇಸರೆಕ್ಸ್' ಅಧ್ಯಯನವು 2017ರಲ್ಲಿ ಶ್ವಾಸಕೋಶ ಕ್ಯಾನ್ಸರಿನ ಮೊದಲ 100 ರೋಗಿಗಳ 327 ಅರ್ಬುದಭಾಗಗಳ ಫಲಿತಾಂಶವನ್ನು ಪ್ರಕಟಿಸಿತು. ಅರ್ಬುದದೊಳಗೆ ವರ್ಣತಂತುಗಳ ಏರುಪೇರಿನ ವೈವಿಧ್ಯ ಹೆಚ್ಚಿದ್ದವರಲ್ಲಿ ರೋಗ ಮರುಕಳಿಸುವ ಅಥವಾ ಸಾವು ಸಂಭವಿಸುವ ಅಪಾಯವೂ ಹೆಚ್ಚಾಗಿತ್ತು.

ಈ ಹೋಲಿಕೆಗೆ ಮಿತಿಯೂ ಉಂಟು. ಕಥೆಗಾರನು ಗುರುವಿನಿಂದ ಕಲಿತುದರೊಡನೆ ಜಾತ್ರೆಯಲ್ಲಿ ಕೇಳಿದುದನ್ನೂ ಬೆರೆಸುತ್ತಾನೆ. ಆದ್ದರಿಂದ ಕಥೆಗಳ ಕೊಂಬೆಗಳು ಪರಸ್ಪರ ಹೆಣೆದುಕೊಳ್ಳುತ್ತವೆ. ಜೀವಕೋಶವು ತನ್ನ ಬದಲಾವಣೆಯನ್ನು ಮುಖ್ಯವಾಗಿ ತನ್ನ ಸಂತತಿಗಷ್ಟೇ ದಾಟಿಸುತ್ತದೆ. ಆದರೂ ಒಂದೇ ಅರ್ಬುದದ ಬೇರೆ ಬೇರೆ ಕೊಂಬೆಗಳಲ್ಲಿ ಒಂದೇ ವಂಶವಾಹಿ ಸ್ವತಂತ್ರವಾಗಿ ಕೆಟ್ಟಿರುವುದನ್ನು 2012ರ ಅಧ್ಯಯನ ದಾಖಲಿಸಿದೆ. ಒಂದೇ ಆಶಯವು ಹಲವೆಡೆ ಪ್ರತ್ಯೇಕವಾಗಿ ಹುಟ್ಟಬಹುದೆಂಬ ಬಹುಮೂಲವಾದವನ್ನು ಇದು ನೆನಪಿಸುತ್ತದೆ. ಸಾಮ್ಯವೆಲ್ಲವೂ ಸಂಬಂಧವಲ್ಲವೆಂಬ ಎಚ್ಚರ ಎರಡು ಶಿಸ್ತುಗಳಿಗೂ ಅಗತ್ಯ. ಪಾಠಾಂತರಗಳನ್ನು ತಾಳ್ಮೆಯಿಂದ ಸಂಗ್ರಹಿಸುವ ಕ್ರಮವನ್ನು ಕೇವಲ ಪುರಾತನಾಸಕ್ತಿಯೆಂದು ಬದಿಗಿಡುವವರು ಈ ಚರಿತ್ರೆಯನ್ನು ಗಮನಿಸಬೇಕು.