ಕೌಟಿಲ್ಯನ ಸುಂಕದ ಕಟ್ಟೆ ಮತ್ತು ಮದ್ಯ

ಪರದೇಶದಿಂದ ಹಿಂದಿರುಗುವ ಪ್ರಯಾಣಿಕನು ತನ್ನೊಡನೆ ಎಷ್ಟು ಮದ್ಯವನ್ನು ತರಬಹುದೆಂಬುದಕ್ಕೆ ಈಗ ಎಲ್ಲ ರಾಜ್ಯಗಳಲ್ಲಿಯೂ ಕಟ್ಟಳೆಗಳುಂಟು. ಭಾರತ ಸರ್ಕಾರವು ೨೦೧೬ರಲ್ಲಿ ಹೊರಡಿಸಿದ ನಿಯಮಗಳು ೨ ಲೀಟರುಗಳವರೆಗೆ ಸುಂಕವಿಲ್ಲದೆ ತರಲು ಎಡೆಗೊಟ್ಟವು. ಇಂತಹ ಅಳತೆಯ ಲೆಕ್ಕಾಚಾರವೆಲ್ಲವೂ ಪಾಶ್ಚಾತ್ಯರಿಂದ ಬಂದುದೆಂದೂ, ನಮ್ಮ ಪೂರ್ವಿಕರಿಗೆ ಮದ್ಯದ ವಿಷಯದಲ್ಲಿ ನಿಷೇಧವೊಂದಲ್ಲದೆ ಬೇರೆ ವಿಚಾರವಿರಲಿಲ್ಲವೆಂದೂ ಹೇಳುವವರುಂಟು. ಮನುವು ಸುರಾಪಾನವನ್ನು ಮಹಾಪಾತಕಗಳಲ್ಲಿ ಎಣಿಸಿರುವುದು ದಿಟವೇ. ಆದರೆ ಧರ್ಮಶಾಸ್ತ್ರದ ದೃಷ್ಟಿ ಬೇರೆ, ರಾಜ್ಯವನ್ನಾಳುವವನ ದೃಷ್ಟಿ ಬೇರೆ. ಈ ಎರಡನೆಯದನ್ನು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಾಣಬಹುದು.

ಬಹುಕಾಲ ಹೆಸರಷ್ಟೇ ಉಳಿದಿದ್ದ ಈ ಗ್ರಂಥವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯ ಪಂಡಿತರಾದ ಆರ್. ಶಾಮಶಾಸ್ತ್ರಿಗಳು ತಾಳೆಯೋಲೆಗಳಿಂದ ಉದ್ಧರಿಸಿ ೧೯೦೯ರಲ್ಲಿ ಅಚ್ಚುಮಾಡಿಸಿದರು. ಗ್ರಂಥದ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿದ್ದರೂ ಅದರ ಪ್ರಾಚೀನತೆಯಲ್ಲಿ ಸಂದೇಹವಿಲ್ಲ.

ಇದರ ದ್ವಿತೀಯಾಧಿಕರಣದಲ್ಲಿ ಶುಲ್ಕಾಧ್ಯಕ್ಷನ ಕರ್ತವ್ಯಗಳನ್ನು ವಿವರಿಸಿದೆ. ಗಡಿಯನ್ನು ಕಾಯುವ ಅಂತಪಾಲನು ಪರದೇಶದ ಸಾರ್ಥದ ಸರಕನ್ನು ಪರೀಕ್ಷಿಸಿ, ಗುರುತನ್ನೂ ಮುದ್ರೆಯನ್ನೂ ಕೊಟ್ಟು ಶುಲ್ಕಾಧ್ಯಕ್ಷನಲ್ಲಿಗೆ ಕಳುಹಿಸಬೇಕು. ನಗರದ ಮಹಾದ್ವಾರದ ಬಳಿ ಧ್ವಜವನ್ನೆತ್ತಿದ ಸುಂಕದ ಕಟ್ಟೆಯಿರುವುದು. ಅಲ್ಲಿ ನಾಲ್ಕೈದು ಮಂದಿ ಅಧಿಕಾರಿಗಳು ವರ್ತಕರು ಯಾರು, ಎಲ್ಲಿಂದ ಬಂದವರು, ಸರಕೆಷ್ಟು, ಮುದ್ರೆ ಎಲ್ಲಿ ಬಿದ್ದಿತು ಎಂಬುದನ್ನು ಬರೆದುಕೊಳ್ಳುವರು. ಮುದ್ರೆಯಿಲ್ಲದವರಿಗೆ ಇಮ್ಮಡಿ ಸುಂಕ. ಕಳ್ಳಮುದ್ರೆಯವರಿಗೆ ಎಂಟುಮಡಿ ದಂಡ. ಹೊರಗಿನಿಂದ ಬರುವ ಸರಕಿಗೆ ಸಾಮಾನ್ಯವಾಗಿ ಬೆಲೆಯ ಐದನೆಯ ಒಂದು ಪಾಲು ಸುಂಕವಾದರೆ, ಧಾನ್ಯ, ಎಣ್ಣೆ, ಉಪ್ಪುಗಳೊಡನೆ ಮದ್ಯವನ್ನೂ ಸೇರಿಸಿ ಇಪ್ಪತ್ತನೆಯ ಅಥವಾ ಇಪ್ಪತ್ತೈದನೆಯ ಒಂದು ಪಾಲನ್ನು ವಿಧಿಸಿದೆ.

ಪರದೇಶದ ಮದ್ಯವೂ ಗ್ರಂಥಕರ್ತನಿಗೆ ಅಪರಿಚಿತವಲ್ಲ. ದ್ರಾಕ್ಷಾರಸದ ಮಧುವಿಗೆ ಹುಟ್ಟಿದ ನಾಡಿನಿಂದಲೇ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳೆಂದು ಅವನು ಹೇಳಿರುವನು. ಕಾಪಿಶಿಯು ಇಂದಿನ ಅಫಘಾನಿಸ್ಥಾನದ ಪ್ರಾಚೀನ ನಗರವು. ಕಾಪಿಶಾಯನ ಶಬ್ದದ ಸಿದ್ಧಿಗಾಗಿ ಪಾಣಿನಿಯೂ ಒಂದು ಸೂತ್ರವನ್ನು ರಚಿಸಿರುವನು.

ಇನ್ನು ಒಯ್ಯುವ ಅಳತೆಯ ಮಾತು. ಸುರೆಯನ್ನು ಗ್ರಾಮದಿಂದ ಹೊರಕ್ಕೆ ಸಾಗಿಸಕೂಡದೆಂದು ಸುರಾಧ್ಯಕ್ಷ ಪ್ರಕರಣವು ವಿಧಿಸುತ್ತದೆ. ಅದಕ್ಕೆ ಕಾರಣಗಳನ್ನೂ ಕೊಟ್ಟಿದೆ: ಕೆಲಸಗಾರರು ಕೆಲಸದಲ್ಲಿ ತಪ್ಪಿಯಾರು, ಆರ್ಯರು ಮರ್ಯಾದೆಯನ್ನು ಮೀರಿಯಾರು, ಉಗ್ರಸ್ವಭಾವದವರು ದುಡುಕಿಯಾರು. ಆದರೂ ನಡತೆಯಲ್ಲಿ ಶುದ್ಧರೆಂದು ತಿಳಿದುಬಂದವರು ಗುರುತುಮಾಡಿದ ಸ್ವಲ್ಪ ಸುರೆಯನ್ನು, ಕುಡುಬದ ಕಾಲುಭಾಗ ಮೊದಲ್ಗೊಂಡು ಒಂದು ಪ್ರಸ್ಥದವರೆಗೆ, ಕೊಂಡೊಯ್ಯಬಹುದು. ನಾಲ್ಕು ಕುಡುಬಗಳಿಗೆ ಒಂದು ಪ್ರಸ್ಥ. ಇದು ಊರಿನ ಎಲ್ಲೆಗೆ ಸಂಬಂಧಿಸಿದ ವಿಧಿಯೇ ಹೊರತು ರಾಜ್ಯದ ಗಡಿಗೆ ಸಂಬಂಧಿಸಿದುದಲ್ಲ. ಎರಡನ್ನೂ ಒಂದೇ ಎನ್ನುವುದು ಸರಿಯಾಗದು. ಆದರೆ ಸ್ವಂತಕ್ಕಾಗಿ ಒಯ್ಯುವ ಅಲ್ಪವನ್ನು ವ್ಯಾಪಾರದ ಸರಕಿನಿಂದ ಬೇರ್ಪಡಿಸುವ ವಿವೇಕವು ಸುಂಕದ ಪ್ರಕರಣದಲ್ಲಿಯೂ ಉಂಟು. ವಿವಾಹ, ಯಜ್ಞ, ಉಪನಯನಾದಿಗಳಿಗೆಂದು ಒಯ್ಯುವ ಪದಾರ್ಥಗಳಿಗೆ ಸುಂಕವಿಲ್ಲ. ಈ ವಿಷಯದಲ್ಲಿ ಸುಳ್ಳಾಡಿದವನಿಗೆ ಮಾತ್ರ ಕಳ್ಳನಿಗೆ ಸಲ್ಲುವ ದಂಡ.

ಅಂದಿಗೂ ಇಂದಿಗೂ ಇರುವ ಅಂತರವು ಇಲ್ಲಿಯೇ ತೋರುವುದು. ಕೌಟಿಲ್ಯನು ಅಳತೆಯನ್ನು ಹೇಳುವ ಮೊದಲು ಮನುಷ್ಯನ ಶೀಲವನ್ನು ಕೇಳಿದನು. ಇಂದಿನ ಅಧಿಕಾರಿಗೆ ಬಂದಿಳಿಯುವ ಸಹಸ್ರಾರು ಮಂದಿಯ ಶೀಲವು ತಿಳಿಯುವ ಬಗೆಯಿಲ್ಲ. ಆದುದರಿಂದ ಬಡವ ಬಲ್ಲಿದನೆನ್ನದೆ ಎಲ್ಲರಿಗೂ ಒಂದೇ ಅಳತೆ. ಇದು ನ್ಯಾಯವೇ. ಶೀಲವನ್ನು ಅಳೆಯುವ ಅಧಿಕಾರವು ಅಯೋಗ್ಯನ ಕೈಗೆ ಬಿದ್ದರೆ ಪಕ್ಷಪಾತಕ್ಕೆ ದಾರಿಯಾಗುವುದು. ಆದರೆ ಅಧಿಕಾರಿಯು ಕೇಳದ ಪ್ರಶ್ನೆಯನ್ನು ಪ್ರಯಾಣಿಕನು ತನ್ನನ್ನು ತಾನೇ ಕೇಳಿಕೊಳ್ಳಬೇಕಾಗಿದೆ. ಗಂಟಿನಲ್ಲಿರುವುದನ್ನು ಇದ್ದಂತೆ ಹೇಳುವವನು ಇಂದಿನ ಸುಂಕದ ಕಟ್ಟೆಯಲ್ಲಿಯೂ ಶುದ್ಧನೆನಿಸುವನು.