ಅಂಗಳವನ್ನು ಮೊದಲು ಅಳೆದ ಬಡಾವಣೆ

ಮುಂಬಯಿ ಪರಿಸರದ ಕನ್ನಡಿಗರಾದ ನಾವು ಮನೆಯ ಮಾತೆತ್ತಿದರೆ ಮೊದಲು ಬರುವುದು ಚದರಡಿಯ ಲೆಕ್ಕ. ಅಂಗಳ, ಜಗಲಿಗಳ ಮಾತು ಊರಿನ ಮನೆಗೇ ಮೀಸಲು. ಆದರೆ ಬೇಲಾಪುರದ ಸೆಕ್ಟರ್ 8ರಲ್ಲಿ, ಗುಡ್ಡಗಳ ಬುಡದಲ್ಲಿ, ಅಂಗಳವನ್ನು ಮೊದಲು ಅಳೆದು ಅದರ ಸುತ್ತ ಮನೆಗಳನ್ನು ಕೂರಿಸಿದ ಬಡಾವಣೆಯೊಂದಿದೆ. ಜನ ಅದನ್ನು ಆರ್ಟಿಸ್ಟ್ಸ್ ವಿಲೇಜ್ ಎನ್ನುತ್ತಾರೆ.

ಅದನ್ನು ರೂಪಿಸಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಬೆಂಗಳೂರಿನ ವಿಶ್ವೇಶ್ವರಯ್ಯ ಕೇಂದ್ರವೂ ಅವರದೇ ವಿನ್ಯಾಸ. ಮುಂಬಯಿಯ ಬೆಳವಣಿಗೆಯನ್ನು ಖಾಡಿಯ ಆಚೆ ದಡಕ್ಕೆ ತಿರುಗಿಸಬೇಕೆಂಬ ಯೋಜನೆಯನ್ನು ಪ್ರವೀಣಾ ಮೆಹತಾ, ಶಿರೀಷ ಪಟೇಲರೊಂದಿಗೆ ಅವರು ಅರುವತ್ತರ ದಶಕದಲ್ಲೇ ಮುಂದಿಟ್ಟಿದ್ದರು. 1970ರಲ್ಲಿ ಸಿಡ್ಕೋ ಸ್ಥಾಪನೆಯಾಯಿತು. ಈ ಬಡಾವಣೆ ಎದ್ದದ್ದು ಎಂಬತ್ತರ ದಶಕದಲ್ಲಿ.

ಅದರ ಕಟ್ಟೋಣ ಹೀಗೆ. ಏಳು ಮನೆಗಳ ನಡುವೆ ಸುಮಾರು ಎಂಟು ಮೀಟರ್ ಚೌಕದ ಒಂದು ಅಂಗಳ. ಅಂಥ ಮೂರು ಗುಂಪುಗಳು ಸೇರಿದರೆ ಇಪ್ಪತ್ತೊಂದು ಮನೆ, ಅವಕ್ಕೆ ಹನ್ನೆರಡು ಮೀಟರಿನ ದೊಡ್ಡ ಅಂಗಳ. ಅಂಥವು ಮೂರು ಕೂಡಿದಲ್ಲಿ ಇನ್ನೂ ದೊಡ್ಡ ಬಯಲು. ಹೀಗೆ ಆರು ಹೆಕ್ಟೇರಿನಲ್ಲಿ ಸುಮಾರು 550 ಕುಟುಂಬಗಳಿಗೆ ಜಾಗ, ಒಂದೂ ಗಗನಚುಂಬಿಯಿಲ್ಲದೆ. ನಿವೇಶನಗಳು 45ರಿಂದ 75 ಚದರ ಮೀಟರಿನೊಳಗೆ. ಬಡವ ಬಲ್ಲಿದರ ಅಂತರ ನೆಲದ ಅಳತೆಯಲ್ಲಿ ಎದ್ದು ಕಾಣಬಾರದೆಂಬ ಉದ್ದೇಶ. ಪ್ರತಿ ಮನೆಯೂ ಬಿಡಿಯಾಗಿ ನಿಲ್ಲುವುದರಿಂದ ನೆರೆಯವರ ಗೋಡೆಯ ಹಂಗಿಲ್ಲ. ಕೈಯಲ್ಲಿ ಕಾಸು ಕೂಡಿದಾಗ ಊರಿನ ಗಾರೆಯವನನ್ನು ಕರೆದು ಒಂದು ಕೋಣೆ ಏರಿಸಿಕೊಳ್ಳಬಹುದು. ನಮ್ಮ ವಠಾರಗಳಲ್ಲೂ ನಡುವೆ ಅಂಗಳವಿತ್ತು ನಿಜ, ಆದರೆ ಮನೆಯನ್ನು ಬೆಳೆಸುವ ಹಕ್ಕು ಬಾಡಿಗೆದಾರನಿಗೆ ಎಲ್ಲಿತ್ತು!

ರೈಲು ವಾಶಿಗೆ ಬಂದುದು 1992ರಲ್ಲಿ, ಬೇಲಾಪುರಕ್ಕೆ ಅದರ ಬಳಿಕ. ಮೊದಲು ನೆಲೆಸಿದವರಿಗೆ ಮುಂಬಯಿಯ ಕೆಲಸಕ್ಕೆ ಸೇತುವೆ ದಾಟುವ ಬಸ್ಸೇ ಗತಿ. ನಿಲ್ದಾಣ ಬಂದ ಮೇಲೆ ನೆಲದ ಬೆಲೆ ಏರಿತು. ಹೆಂಚಿನ ಇಳಿಜಾರು ಮಾಡಿನ ಎಷ್ಟೋ ಮನೆಗಳು ನೆಲಸಮವಾಗಿ ಅಲ್ಲಿ ಕಾಂಕ್ರೀಟಿನ ಬಂಗಲೆಗಳು ಎದ್ದವು. ಮೂಲರೂಪ ಕೆಟ್ಟಿತೆಂದು ಅನೇಕರು ಮರುಗುತ್ತಾರೆ. ನಮಗೆ ಆ ಮರುಕ ಅರ್ಧವಷ್ಟೇ ಸರಿಯೆನಿಸುತ್ತದೆ: ಮನೆ ಬದಲಾಗಲೆಂದೇ ಕಟ್ಟಿದ್ದು. ಆದರೆ ಕೋಣೆಗೆ ಕೋಣೆ ಸೇರಿಸುವುದು ಬೇರೆ, ಇದ್ದುದನ್ನು ಕೆಡವುವುದು ಬೇರೆ. ಎರಡನೆಯದು ಹಣವಿದ್ದವರ ಕೆಲಸ. ಯಾರಿಗಾಗಿ 45 ಚದರ ಮೀಟರನ್ನು ಗುರುತಿಸಲಾಗಿತ್ತೋ ಅವರು ಇಂದಿನ ಬೆಲೆಗೆ ಇಲ್ಲಿ ಕಾಲಿಡಲಾರರು.

ಇನ್ನೊಂದು ಲೆಕ್ಕವೂ ಇದೆ. ನವಿ ಮುಂಬಯಿಗೆಂದು ವಶಪಡಿಸಿಕೊಂಡದ್ದು 95 ಹಳ್ಳಿಗಳ ನೆಲ. ಆಗ್ರಿ, ಕೋಳಿ ಜನರ ಭತ್ತದ ಗದ್ದೆ, ಉಪ್ಪಿನ ಹೊಲ. 1984ರ ಜನವರಿಯಲ್ಲಿ ಉರಣ ತಾಲೂಕಿನಲ್ಲಿ ಪರಿಹಾರಕ್ಕಾಗಿ ಹೋರಾಡಿದವರ ಮೇಲೆ ಗುಂಡು ಹಾರಿ ಐವರು ಸತ್ತರು. ದಿ. ಬಾ. ಪಾಟೀಲರ ಮುಂದಾಳತ್ವದ ಆ ಚಳವಳಿಯ ಫಲವಾಗಿ ಭೂಮಿ ಕಳೆದುಕೊಂಡವರಿಗೆ ಶೇಕಡಾ 12.5ರಷ್ಟು ಅಭಿವೃದ್ಧಿಪಡಿಸಿದ ನೆಲ ದಕ್ಕುವಂತಾಯಿತು. ಬೇಲಾಪುರದ ಅಂಗಳಗಳು ರೂಪುಗೊಳ್ಳುತ್ತಿದ್ದುದೂ ಅದೇ ವರ್ಷಗಳಲ್ಲಿ.

ಆ ಅಂಗಳಗಳು ಇಂದಿಗೂ ಇವೆ. ಸುತ್ತಲಿನ ಮನೆಗಳು ಎತ್ತರವಾಗಿ ಬಿಸಿಲು ಕಡಿಮೆಯಾಗಿದೆ, ಅಲ್ಲಲ್ಲಿ ವಾಹನಗಳು ನಿಂತಿವೆ. ಏಳು ಮನೆಗಳವರು ಹಂಚಿಕೊಂಡಿರುವ ಆ ಎಂಟು ಮೀಟರನ್ನು ಮಾತ್ರ ಯಾರೊಬ್ಬರೂ ಮಾರುವಂತಿಲ್ಲ.